ಚೀಲಕ್ಕೆ ಹತ್ತು ಸಾವಿರ, ನಾಲ್ಕು ವರ್ಷದ ಫೀಸು: ಮಾದಾಪುರದ ಕಡೆಯ ಒಂದು ಸೀಟಿನ ಪ್ರಕರಣ

2024ರ ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ನನ್ನ ವಿದ್ಯಾರ್ಥಿನಿಯೊಬ್ಬಳ ಅಪ್ಪ ಫೋನ್ ಮಾಡಿದರು. "ಮೇಷ್ಟ್ರೇ, ಬೆಂಗಳೂರಲ್ಲಿ ಸೀಟು ನೋಡಿದ್ದೇವೆ. ಕಂಪ್ಯೂಟರ್ ಸೈನ್ಸ್. ನಾಳೆ ಇಪ್ಪತ್ತೈದು ಸಾವಿರ ಕಟ್ಟಿದ್ರೆ ಸೀಟು ಗ್ಯಾರಂಟಿ ಅಂತೆ. ಕಟ್ಲಾ?"

ಮಗಳು ಇಂಜಿನಿಯರಿಂಗ್ ಸೀಟಿಗಾಗಿ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಬರೆದು ಹತ್ತು ದಿನ ಕೂಡ ಆಗಿರಲಿಲ್ಲ. ಆ ವರ್ಷದ ಸಿಇಟಿ ನೆನಪಿರಬಹುದು. ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳು ಬಂದು ಗಲಾಟೆ ಆಗಿತ್ತು. ಕೊನೆಗೆ ಅಂಥ 50 ಪ್ರಶ್ನೆಗಳನ್ನು ಲೆಕ್ಕದಿಂದಲೇ ಬಿಟ್ಟರು. ಫೋನ್ ಬಂದ ಆ ಸಂಜೆ ಅದು ಯಾರಿಗೂ ಗೊತ್ತಿರಲಿಲ್ಲ. ಮಕ್ಕಳೆಲ್ಲ ಹೆದರಿದ್ದರು, ಅಪ್ಪ ಅಮ್ಮಂದಿರು ಇನ್ನೂ ಜಾಸ್ತಿ ಹೆದರಿದ್ದರು. ಸೀಟು ಮಾರುವವರು ಫೋನ್ ಮಾಡುವುದು ಸರಿಯಾಗಿ ಇಂಥ ಹೊತ್ತಿಗೇ.

"ನಾಳೆ ಕಟ್ಟಬೇಡಿ. ಭಾನುವಾರ ಮನೆಗೆ ಬರ್ತೇನೆ" ಅಂದೆ.

ನಾನು ಕೊಡಗಿನ ಸೋಮವಾರಪೇಟೆ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಪ್ರತಿ ವರ್ಷ ಹತ್ತಾರು ಮನೆಗಳಲ್ಲಿ ಈ ಮಾತು ನಡೆಯುತ್ತದೆ. ಈ ಒಂದು ಮನೆಯದನ್ನು ಪೂರ್ತಿ ಬರೆಯುತ್ತಿದ್ದೇನೆ, ಏಕೆಂದರೆ ಇಲ್ಲಿ ಎಲ್ಲ ಲೆಕ್ಕವೂ ಪುಸ್ತಕದಲ್ಲಿ ಬರೆದಿಟ್ಟಿತ್ತು. ಮನೆಯವರ ಒಪ್ಪಿಗೆ ಇದೆ. ಹೆಸರು ಬೇಡ ಅಂದಿದ್ದಾರೆ, ಬರೆಯುವುದಿಲ್ಲ.

ಮನೆ ಮತ್ತು ಹುಡುಗಿ

ಮಾದಾಪುರದಿಂದ ಒಳಗೆ ಹೋಗಬೇಕು. ನಾಲ್ಕು ಎಕರೆ ರೊಬಸ್ಟಾ ಕಾಫಿ, ಮರಗಳ ಮೇಲೆ ಕಾಳುಮೆಣಸು. ಮೊದಲು ನಾಲ್ಕೂವರೆ ಎಕರೆ ಇತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಕೆಳಗಿನ ಅರ್ಧ ಎಕರೆ ತೋಡಿನ ಪಾಲಾಯಿತು. ಹುಡುಗಿ ಆಗ ಏಳನೇ ಕ್ಲಾಸು. ಅಪ್ಪ, ಅಮ್ಮ, ಅಜ್ಜಿ, ಒಬ್ಬ ತಮ್ಮ. ಆರ್‌ಟಿಸಿ (ಜಮೀನಿನ ಪಹಣಿ) ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು.

ಹತ್ತನೇ ಕ್ಲಾಸಿನವರೆಗೆ ಹಳ್ಳಿ ಶಾಲೆ, ಕನ್ನಡ ಮಾಧ್ಯಮ. ಪಿಯುಸಿಗೆ ಬಂದಾಗ ಮೊದಲ ಮೂರು ತಿಂಗಳು ಒದ್ದಾಡಿದ್ದಳು. ಪಾಠ ಅರ್ಥವಾಗುತ್ತಿತ್ತು, ಇಂಗ್ಲಿಷ್ ಕಾಡುತ್ತಿತ್ತು. ಆಮೇಲೆ ಹಿಡಿದುಕೊಂಡಳು. ಸಿಇಟಿ ಅರ್ಜಿ ಹಾಕುವಾಗಲೇ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಎರಡೂ ಮೀಸಲಾತಿ ಕೇಳಿ ಅಂತ ಹೇಳಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯ ಪ್ರಮಾಣಪತ್ರ ಮಾಡಿಸಿದ್ದೆವು. ಗ್ರಾಮೀಣಕ್ಕೆ 15%, ಕನ್ನಡ ಮಾಧ್ಯಮಕ್ಕೆ 5% ಸೀಟು ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ ಹಾಗೆಯೇ ಓದಿರಬೇಕು. ನಮ್ಮ ಕಡೆಯ ಎಷ್ಟೋ ಮಕ್ಕಳು ಇದನ್ನು ಕೇಳುವುದೇ ಇಲ್ಲ. ರ‍್ಯಾಂಕ್ ಬಂದ ಮೇಲೆ ಓಡಿ ಬರುತ್ತಾರೆ. ಆಗ ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನೊಂದು ವಿಷಯ. ಒಂಬತ್ತನೇ ಕ್ಲಾಸಿನಿಂದ ತೋಟದ ಲೆಕ್ಕ ಬರೆಯುವವಳು ಇವಳೇ. ಕೊರೊನಾದ ರಜೆಯಲ್ಲಿ ಶುರುವಾದದ್ದು. ಯಾರು ಎಷ್ಟು ಕೆಜಿ ಹಣ್ಣು ಕುಯ್ದರು, ಯಾರಿಗೆ ಎಷ್ಟು ಮುಂಗಡ, ಗೊಬ್ಬರಕ್ಕೆಷ್ಟು, ಚೆರಿ (ಒಣಗಿಸಿದ ಕಾಫಿ ಹಣ್ಣು) ಎಷ್ಟು ಚೀಲ, ಯಾವ ದಿನ ಯಾವ ದರ. ಉದ್ದ ನೋಟ್‌ಬುಕ್, ನೀಲಿ ಗೆರೆ, ಅಚ್ಚುಕಟ್ಟಾದ ಅಕ್ಷರ. ಅದನ್ನು ನೋಡಿಯೇ ದೊಡ್ಡಪ್ಪ "ಇವಳಿಗೆ ಬಿಬಿಎ ಮಾಡಿಸಿ, ಲೆಕ್ಕದಲ್ಲಿ ಚುರುಕು" ಅಂತ ಹೇಳುತ್ತಿದ್ದರು. ಅಪ್ಪನಿಗೆ ಇಂಜಿನಿಯರಿಂಗ್ ಆಸೆ. ಹುಡುಗಿ ಏನೂ ಹೇಳುತ್ತಿರಲಿಲ್ಲ.

ಇಪ್ಪತ್ತೈದು ಸಾವಿರದ ಫೋನು

ಭಾನುವಾರ ಹೋದೆ. ಕಣದಲ್ಲಿ ಚೆರಿ ಇರಲಿಲ್ಲ, ಎಲ್ಲ ಚೀಲ ತುಂಬಿ ಒಳಗಿಟ್ಟಿದ್ದರು. ಆ ತಿಂಗಳು ರೊಬಸ್ಟಾ ಚೆರಿ 50 ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿತ್ತು. ನಮ್ಮ ಕಡೆ ಯಾರೂ ಕಂಡಿರದ ದರ. ಫೆಬ್ರವರಿಯಲ್ಲೇ ಮಾರಿದವರು ಕೈ ಹಿಚುಕಿಕೊಳ್ಳುತ್ತಿದ್ದರು. ಇವರು ಮಾರದೆ ಇಟ್ಟುಕೊಂಡಿದ್ದರು. ಮನೆಯಲ್ಲಿ ಹಬ್ಬದ ಕಳೆ ಇತ್ತು. ಬೆಂಗಳೂರಿನ ಸೀಟು ಹುಟ್ಟಿದ್ದು ಈ ಸಂತೋಷದಲ್ಲೇ ಅಂತ ನನಗೆ ಆಗಲೇ ಅನಿಸಿತು.

ಫೋನ್ ಮಾಡಿದವನು ಒಬ್ಬ ಏಜೆಂಟ್. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯ, ಹೆಸರು ಬೇಡ. ಕಂಪ್ಯೂಟರ್ ಸೈನ್ಸ್, ಅದರಲ್ಲೂ ಎಐ ಇರುವ ಕೋರ್ಸು. ವರ್ಷಕ್ಕೆ ಮೂರು ಲಕ್ಷ ಇಪ್ಪತ್ತೈದು ಸಾವಿರ ಫೀಸು. ಹಾಸ್ಟೆಲ್ ಮತ್ತು ಊಟ ಒಂದು ಲಕ್ಷ ನಲವತ್ತು ಸಾವಿರ. ಬುಕಿಂಗ್ ಹಣ ಇಪ್ಪತ್ತೈದು ಸಾವಿರ, ವಾಪಸ್ ಇಲ್ಲ.

"ವಾಪಸ್ ಇಲ್ಲ" ಅನ್ನುವ ಮಾತಿಗೇ ನನಗೆ ಸಿಟ್ಟು ಬಂತು. ಫೀಸು ವಾಪಸ್ ಕೊಡುವುದಕ್ಕೆ ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರ ಸಂಸ್ಥೆ ಯುಜಿಸಿ ನಿಯಮ ಮಾಡಿದೆ. ಪ್ರತಿ ವರ್ಷ ಒಂದು ಕೊನೆಯ ದಿನ ಹೇಳುತ್ತದೆ, ಅಷ್ಟರೊಳಗೆ ಸೀಟು ಬಿಟ್ಟರೆ ದುಡ್ಡು ಹಿಂದಿರುಗಿಸಬೇಕು. ಮಕ್ಕಳ ಮೂಲ ಅಂಕಪಟ್ಟಿಯನ್ನು ಕಾಲೇಜು ಇಟ್ಟುಕೊಳ್ಳುವಂತೆಯೂ ಇಲ್ಲ. ಆದರೆ ಏಜೆಂಟ್ ಕೈಗೆ ಕೊಟ್ಟ ದುಡ್ಡಿಗೆ ರಸೀದಿಯೇ ಇಲ್ಲ ಅಂದರೆ ನಿಯಮ ತೋರಿಸುವುದು ಯಾರಿಗೆ?

"ರಸೀದಿ ವಿಶ್ವವಿದ್ಯಾಲಯದ ಹೆಸರಲ್ಲಿ ಬರುತ್ತಾ, ಕೇಳಿ" ಅಂದೆ. ಅಲ್ಲೇ ಫೋನ್ ಮಾಡಿ ಕೇಳಿದರು. ಆ ಕಡೆಯವನು ಮಾತು ತೇಲಿಸಿದ. ಅಮ್ಮ ಒಳಗಿನಿಂದ ಬಂದು "ಬೇಡ ಬಿಡಿ, ಮೊದಲು ಲೆಕ್ಕ ನೋಡಿ" ಅಂದರು. ಆ ಮನೆಯಲ್ಲಿ ಅಂದು ಮೊದಲು ಎಚ್ಚರಾದವರು ಅವರು.

ಅವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ಕರ್ನಾಟಕದ ಖಾಸಗಿ ವಿಶ್ವವಿದ್ಯಾಲಯಗಳಲ್ಲೂ 40% ಸೀಟು ಸಿಇಟಿ ಮೂಲಕ ಸರ್ಕಾರಿ ಕೋಟಾದಲ್ಲಿ ಹೋಗುತ್ತದೆ, ಅದರ ಫೀಸು ಬೇರೆ. ಅದೇ ಕ್ಲಾಸು, ಅದೇ ಬೆಂಚು. ರ‍್ಯಾಂಕ್ ಬರುವ ಮುಂಚೆಯೇ ದುಡ್ಡು ಕಟ್ಟುವುದು ಅಂದರೆ ಆ ಬಾಗಿಲನ್ನು ತಟ್ಟಿಯೂ ನೋಡದೆ ಹೋಗುವುದು.

ಎರಡು ವರ್ಷದ ಪುಟ

ಲೆಕ್ಕ ನೋಡಲು ಕೂತೆವು. ಹುಡುಗಿ ನೋಟ್‌ಬುಕ್ ತಂದಳು. ನಾನು ಎರಡು ಪುಟ ತೆಗೆಸಿದೆ, 2024ರದ್ದು ಮತ್ತು 2021ರದ್ದು. ಅವರು ನನಗೆ ತೋರಿಸಿದ ಲೆಕ್ಕವನ್ನು ಇಲ್ಲಿ ಇದ್ದ ಹಾಗೇ ಬರೆಯುತ್ತೇನೆ. ನನ್ನ ಪ್ರಕಾರ ಈ ಪ್ರಕರಣದ ಜೀವ ಇಲ್ಲಿದೆ.

2024ರಲ್ಲಿ ಎಪ್ಪತ್ತು ಚೀಲ ಚೆರಿ. ಹತ್ತು ಸಾವಿರದಂತೆ ಏಳು ಲಕ್ಷ. ಮೆಣಸು 300 ಕೆಜಿ, 570ರಂತೆ ಒಂದು ಲಕ್ಷ ಎಪ್ಪತ್ತೊಂದು ಸಾವಿರ. ಒಟ್ಟು 8,71,000. ಕುಯ್ಲು, ಕಪಾತು, ಗೊಬ್ಬರ, ಕಾಫಿ ಹೂ ಅರಳಿಸುವ ಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್‌ಗೆ ಡೀಸೆಲ್, ಮೆಣಸಿಗೆ ಮದ್ದು, ಎಲ್ಲ ಸೇರಿ ಖರ್ಚು ಮೂರು ಲಕ್ಷ. ಉಳಿದದ್ದು 5,71,000.

2021ರಲ್ಲಿ ನಲವತ್ತೆಂಟು ಚೀಲ. ಹಿಂದಿನ ಮಳೆಗಾಲದಲ್ಲಿ ಕಾಯಿ ಉದುರಿತ್ತು. ದರ 3,400. ಬಂದದ್ದು 1,63,200. ಮೆಣಸು 180 ಕೆಜಿ, 350ರಂತೆ 63,000. ಒಟ್ಟು 2,26,200. ಖರ್ಚು 1,70,000. ಉಳಿದದ್ದು 56,200. ಅಷ್ಟರಲ್ಲೇ ಐದು ಜನರ ವರ್ಷದ ಸಂಸಾರ. ಆ ವರ್ಷ ಸೊಸೈಟಿ ಸಾಲ ತೀರಿಸಲು ಅಮ್ಮನ ಬಳೆ ಅಡ ಇಟ್ಟಿದ್ದರು. ಅದೂ ಪುಟದಲ್ಲಿತ್ತು, ಪೆನ್ಸಿಲ್‌ನಲ್ಲಿ.

ಅದರ ಪಕ್ಕದಲ್ಲಿ ಬೆಂಗಳೂರಿನ ಖರ್ಚು ಬರೆದೆ. ಫೀಸು, ಹಾಸ್ಟೆಲ್, ಲ್ಯಾಪ್‌ಟಾಪ್, ಓಡಾಟ ಸೇರಿ ವರ್ಷಕ್ಕೆ ಐದು ಲಕ್ಷದ ಹತ್ತಿರ. ನಾಲ್ಕು ವರ್ಷಕ್ಕೆ ಇಪ್ಪತ್ತು ಲಕ್ಷ.

ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ದರ ಹೀಗೇ ಇದ್ರೆ ಕಟ್ಟಬಹುದು ಅಲ್ವಾ?" ಅಂದರು.

ಕಟ್ಟಬಹುದು. ಆದರೆ ನಾಲ್ಕು ವರ್ಷವೂ ದರ ಹೀಗೇ ಇರಬೇಕು, ನಾಲ್ಕು ವರ್ಷವೂ ಮಳೆ ಕಾಯಿ ಉದುರಿಸಬಾರದು, ಆನೆ ತೋಟಕ್ಕೆ ಇಳಿಯಬಾರದು, ಮನೆಯಲ್ಲಿ ಯಾರೂ ಹುಷಾರು ತಪ್ಪಬಾರದು. ರೊಬಸ್ಟಾ ದರ ಏರಿದ್ದು ನಮ್ಮ ಕೈಚಳಕದಿಂದಲ್ಲ. ರೊಬಸ್ಟಾ ಅತಿ ಹೆಚ್ಚು ಬೆಳೆಯುವ ವಿಯೆಟ್ನಾಂನಲ್ಲಿ ಬೆಳೆ ಕಡಿಮೆಯಾಗಿತ್ತು. ಅಲ್ಲಿ ಬೆಳೆ ಚೆನ್ನಾಗಿ ಬಂದರೆ ಇಲ್ಲಿ ದರ ಇಳಿಯುತ್ತದೆ. ಕಾಲೇಜಿನ ಫೀಸು ಮಾತ್ರ ಯಾವ ವರ್ಷವೂ ಇಳಿಯುವುದಿಲ್ಲ.

ಆದ್ದರಿಂದ ನಾನು ಎಲ್ಲರಿಗೂ ಹೇಳುವುದು ಒಂದೇ. ಸೀಟಿನ ಲೆಕ್ಕವನ್ನು ಒಳ್ಳೆಯ ವರ್ಷದ ಪುಟದ ಮೇಲೆ ಮಾಡಬೇಡಿ, ಕೆಟ್ಟ ವರ್ಷದ ಪುಟದ ಮೇಲೆ ಮಾಡಿ. 56 ಸಾವಿರ ಉಳಿದ ವರ್ಷದಲ್ಲೂ ಬಿಡದೆ ಓದಿಸಬಹುದಾದ ಕಾಲೇಜು ಯಾವುದು? ಅಲ್ಲಿಂದ ಶುರು ಮಾಡಿ. ಒಳ್ಳೆಯ ವರ್ಷ ಬಂದರೆ ಅದು ಮಕ್ಕಳಿಗೆ ಕೊಡುವ ಹೆಚ್ಚುವರಿ.

ಹಣ ಬರುವ ತಿಂಗಳಿಗೂ ಫೀಸು ಕಟ್ಟುವ ತಿಂಗಳಿಗೂ ಹೊಂದಿಕೆ ಇಲ್ಲ ಅನ್ನುವುದನ್ನೂ ನೋಡಬೇಕು. ಕಾಫಿ ದುಡ್ಡು ಬರುವುದು ಫೆಬ್ರವರಿಯಿಂದ ಏಪ್ರಿಲ್. ಕಾಲೇಜು ಫೀಸು ಕೇಳುವುದು ಆಗಸ್ಟ್, ಸೆಪ್ಟೆಂಬರ್. ಮಳೆ ಹೊಯ್ಯುತ್ತಿರುತ್ತದೆ, ಕೈಯಲ್ಲಿ ಏನೂ ಇರುವುದಿಲ್ಲ. ಒಂದಷ್ಟು ಮೆಣಸನ್ನು ಮಾರದೆ ಇಟ್ಟುಕೊಂಡು ಫೀಸಿನ ಹೊತ್ತಿಗೆ ಮಾರುವ ಮನೆಗಳು ನನಗೆ ಗೊತ್ತು. ಒಳ್ಳೆಯ ಪದ್ಧತಿ. ಆದರೆ ಐದು ಲಕ್ಷಕ್ಕೆ ಆಗುವಷ್ಟು ಮೆಣಸು ನಾಲ್ಕು ಎಕರೆಯಲ್ಲಿ ಬೆಳೆಯುವುದಿಲ್ಲ.

ಸಾಲ? ಅದನ್ನೂ ನೋಡಿದೆವು. ಶಿಕ್ಷಣ ಸಾಲ ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಇಲ್ಲದೆ ಸಿಗುವ ವ್ಯವಸ್ಥೆ ಇದೆ. ಇಪ್ಪತ್ತು ಲಕ್ಷಕ್ಕೆ ಬ್ಯಾಂಕು ಜಮೀನಿನ ಕಾಗದ ಕೇಳಿತು. ಆರ್‌ಟಿಸಿ ಅಜ್ಜನ ಹೆಸರಲ್ಲಿ. ಪೌತಿ ಖಾತೆ (ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬರುವುದು) ಆಗಿಲ್ಲ, ಚಿಕ್ಕಪ್ಪಂದಿರ ಪಾಲು ಬೇರೆ ಆಗಿಲ್ಲ. ಕೊಡಗಿನಲ್ಲಿ ಇದು ಒಂದು ಮನೆಯ ತೊಂದರೆ ಅಲ್ಲ. ಕುಟುಂಬಕ್ಕೆ ಒಟ್ಟಾಗಿ ಇರುವ ಜಮ್ಮಾ ಜಮೀನಾದರೆ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರು ಇನ್ನಷ್ಟು ತೊಡಕು. ಮಗು ಒಂಬತ್ತನೇ ಕ್ಲಾಸಿಗೆ ಬಂದಾಗಲೇ ಜಮೀನಿನ ಕಾಗದ ಸರಿ ಮಾಡಿಕೊಳ್ಳಿ ಅಂತ ನಾನು ಪೋಷಕರ ಸಭೆಯಲ್ಲಿ ಬೇಡಿಕೊಳ್ಳುವುದು ಇದಕ್ಕೇ.

ಬಿಬಿಎ ಬೇಕಾ, ಇಂಜಿನಿಯರಿಂಗ್ ಬೇಕಾ

ದುಡ್ಡಿನ ಮಾತು ಮುಗಿಯಿತು, ಹುಡುಗಿಯ ಮಾತು ಇನ್ನೂ ಶುರುವಾಗಿರಲಿಲ್ಲ. ದೊಡ್ಡಪ್ಪ ಹೇಳಿದ ಬಿಬಿಎ ತಳ್ಳಿಹಾಕುವಂಥದ್ದಲ್ಲ. ಮೂರು ವರ್ಷ, ಖರ್ಚು ಕಡಿಮೆ, ಮಡಿಕೇರಿಯಲ್ಲೇ ಓದಬಹುದು. ಆ ವರ್ಷವೇ ಕರ್ನಾಟಕ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಮೂರು ವರ್ಷಕ್ಕೆ ವಾಪಸ್ ಬಂದಿತ್ತು. ಬಿಬಿಎ, ಬಿಸಿಎ ಕೋರ್ಸುಗಳು ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆ ಎಐಸಿಟಿಇ ಕೆಳಗೆ ಬಂದದ್ದೂ 2024-25ರಿಂದಲೇ.

"ಕೊಡಗು ವಿಶ್ವವಿದ್ಯಾಲಯ ಹೊಸದು, ಅದರ ಡಿಗ್ರಿಗೆ ಬೆಲೆ ಇದೆಯಾ ಮೇಷ್ಟ್ರೇ?" ಅಂತ ಅಪ್ಪ ಕೇಳಿದರು. 2023ರಲ್ಲಿ ಚಿಕ್ಕಅಳುವಾರದಲ್ಲಿ ಶುರುವಾದದ್ದು, ಅದಕ್ಕೆ ಮುಂಚೆ ನಮ್ಮ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದಲ್ಲಿದ್ದವು. ಸರ್ಕಾರ ಕಾನೂನು ಮಾಡಿ ತೆರೆದ ವಿಶ್ವವಿದ್ಯಾಲಯ, ಡಿಗ್ರಿ ಡಿಗ್ರಿಯೇ. (2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ ನಮ್ಮ ಮಕ್ಕಳು ಪಟ್ಟ ಆತಂಕ ನೋಡಿ ನನಗೆ ಬಹಳ ನೋವಾಯಿತು. ಜಿಲ್ಲೆಯಲ್ಲೇ ಓದುವ ಅವಕಾಶ ಎಷ್ಟು ಹೆಣ್ಣುಮಕ್ಕಳಿಗೆ ಆಸರೆ ಅನ್ನುವುದು ಇಲ್ಲಿ ಪಾಠ ಮಾಡುವವರಿಗೆ ಗೊತ್ತು.)

ಇಂಜಿನಿಯರಿಂಗ್ ಓದಿದವರು ಆಮೇಲೆ ಎಂಬಿಎ ಮಾಡಬಹುದು. ಯಾವ ಪದವಿ ಇದ್ದರೂ ಕ್ಯಾಟ್ ಬರೆಯಬಹುದು. ಬಿಬಿಎ ಓದಿದವರು ತಿರುಗಿ ಇಂಜಿನಿಯರಿಂಗ್‌ಗೆ ಬರುವುದು ಕಷ್ಟ. ಹಾಗಾದರೆ ಇಂಜಿನಿಯರಿಂಗೇ ಸರಿ ಅಂತ ಜನ ಹೇಳುತ್ತಾರೆ. ನನಗೆ ಇದು ಸಾಕಾಗುವ ಕಾರಣ ಅನಿಸುವುದಿಲ್ಲ. ಇಷ್ಟವಿಲ್ಲದ ಪಾಠವನ್ನು ನಾಲ್ಕು ವರ್ಷ ದಿನಾ ಬೆಳಿಗ್ಗೆ ಎದ್ದು ಓದಬೇಕಾದವಳು ಅವಳು.

ಹೀಗಾಗಿ ಒಂದು ಕೆಲಸ ಮಾಡಿದೆ. ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಕಂಪ್ಯೂಟರ್ ಸೈನ್ಸ್ ಪಠ್ಯಕ್ರಮ, ಬಿಬಿಎ ಪಠ್ಯಕ್ರಮ, ಎರಡನ್ನೂ ಪ್ರಿಂಟ್ ತೆಗೆದು ಕೊಟ್ಟೆ. ಎರಡೂ ವಿಶ್ವವಿದ್ಯಾಲಯಗಳ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. "ಒಂದು ವಾರ ಇಟ್ಕೋ. ಗೊತ್ತಿಲ್ಲದ ಪದ ಫೋನಲ್ಲಿ ನೋಡ್ಕೋ. ಭಾನುವಾರ ಮಧ್ಯಾಹ್ನ ಸುಮ್ನೆ ಕೂತಾಗ ಯಾವ ಪಾಠ ತೆಗೆದು ಓದ್ತೀಯೋ ಅದಕ್ಕೆ ಟಿಕ್ ಹಾಕು."

ವಾರ ಬಿಟ್ಟು ಬಂದಳು. ಬಿಬಿಎಯಲ್ಲಿ ಕಾಸ್ಟ್ ಅಕೌಂಟಿಂಗ್‌ಗೆ ಟಿಕ್, ಸ್ಟ್ಯಾಟಿಸ್ಟಿಕ್ಸ್‌ಗೆ ಟಿಕ್. ಕಂಪ್ಯೂಟರ್ ಸೈನ್ಸ್‌ನಲ್ಲಿ ಏಳೆಂಟು ಕಡೆ ಟಿಕ್. ಡೇಟಾಬೇಸ್‌ಗೆ ಎರಡು ಸಲ ಹಾಕಿದ್ದಳು. ಏಕೆ ಅಂತ ಕೇಳಿದೆ.

"ದೊಡ್ಡಪ್ಪ ನನಗೆ ಲೆಕ್ಕ ಇಷ್ಟ ಅಂದ್ಕೊಂಡಿದ್ದಾರೆ ಸರ್. ಲೆಕ್ಕ ಬರೆಯೋದು ನನಗೆ ಬೇಜಾರು. ಲೆಕ್ಕ ತಾನಾಗೇ ಆಗೋ ಹಾಗೆ ಮಾಡೋದು ಇಷ್ಟ."

ಮೂರು ವರ್ಷದಿಂದ ಫೋನಿನ ಶೀಟ್‌ನಲ್ಲಿ ಕೂಲಿ ಲೆಕ್ಕ ತಾನೇ ಕೂಡುವ ಹಾಗೆ ಮಾಡಲು ಒದ್ದಾಡುತ್ತಿದ್ದಳಂತೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಿಬಿಎ ಪ್ರಶ್ನೆ ಅಲ್ಲಿಗೆ ಮುಗಿಯಿತು.

ನಾನು ಮಾಡಿದ ತಪ್ಪು

ಜೂನ್ ಒಂದಕ್ಕೆ ಫಲಿತಾಂಶ ಬಂತು. ಪಿಯುಸಿಯ ಮೂರು ವಿಷಯದ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿ ರ‍್ಯಾಂಕ್ ಆಗುತ್ತದೆ. ಅವಳದು ಮೂವತ್ತು ಸಾವಿರದ ಆಚೆ. ತುಂಬಾ ಒಳ್ಳೆಯದೂ ಅಲ್ಲ, ಬೇಸರ ಪಡುವಂಥದ್ದೂ ಅಲ್ಲ. ನಿಜವಾಗಿ ಯೋಚಿಸಿ ಆರಿಸಬೇಕಾಗಿ ಬರುವುದು ಇಂಥ ರ‍್ಯಾಂಕಿಗೇ.

ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿಯನ್ನು ಕ್ರಮವಾಗಿ ತುಂಬುವುದಕ್ಕೆ, ನಾನೇ ಕೂತೆ. ಮೈಸೂರಿನ ಎನ್ಐಇ ನನಗೆ ಗೌರವವಿರುವ ಕಾಲೇಜು. 1946ರಲ್ಲಿ ಶುರುವಾದದ್ದು. ಅಲ್ಲಿ ಕೆಲವು ಬ್ರಾಂಚ್‌ಗಳಲ್ಲಿ ಅನುದಾನಿತ ಸೀಟು ಇದೆ, ಫೀಸು ಸರ್ಕಾರಿ ಕಾಲೇಜಿನ ಹತ್ತಿರ. ಪಟ್ಟಿಯಲ್ಲಿ ಅನುದಾನಿತ ಮತ್ತು ಅನುದಾನರಹಿತಕ್ಕೆ ಬೇರೆ ಬೇರೆ ಕೋಡ್ ಇರುತ್ತದೆ, ಗಮನಿಸದವರು ಲಕ್ಷದ ಸೀಟನ್ನು ಒತ್ತಿಬಿಡುತ್ತಾರೆ. ಸಿವಿಲ್ ಅನುದಾನಿತ ಸೀಟು ಇವಳಿಗೆ ಸಿಗಬಹುದು ಅನಿಸಿತು. ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೈನ್ಸ್‌ಗಿಂತ ಮೇಲೆ ಅದನ್ನು ಬರೆಸಿದೆ. ಹಳೆಯ ಕಾಲೇಜು, ಸ್ವಾಯತ್ತ, ತಾನೇ ಪಠ್ಯ ಮತ್ತು ಪರೀಕ್ಷೆ ನಡೆಸುತ್ತದೆ, ಮೈಸೂರಿನ ಗಾಳಿ ಬೀಸುತ್ತದೆ ಅಂತೆಲ್ಲ ಹೇಳಿದೆ. ಎರಡನೇ ವರ್ಷಕ್ಕೆ ಬ್ರಾಂಚ್ ಬದಲಾಯಿಸಲು ಅವಕಾಶ ಇದೆ ಅಂತಲೂ ಹೇಳಿದೆ. ಸೀಟು ಖಾಲಿ ಇದ್ದರೆ, ಅಂಕ ತುಂಬಾ ಚೆನ್ನಾಗಿದ್ದರೆ ಮಾತ್ರ ಅನ್ನುವುದನ್ನು ಅಷ್ಟು ಒತ್ತಿ ಹೇಳಲಿಲ್ಲ. ಹುಡುಗಿ "ಸರಿ ಸರ್" ಅಂದಳು. ಅಪ್ಪ ಖುಷಿಪಟ್ಟರು.

ಅಣಕು ಹಂಚಿಕೆ ಬಂತು, ಅಂದರೆ ಯಾವ ಸೀಟು ಸಿಗಬಹುದು ಅಂತ ತೋರಿಸುವ ತಾತ್ಕಾಲಿಕ ಪಟ್ಟಿ. ಎನ್ಐಇ, ಸಿವಿಲ್.

ಅವಳು ಮಳೆಯಲ್ಲಿ ನೆನೆದುಕೊಂಡೇ ಕಾಲೇಜಿಗೆ ಬಂದಳು. ಮಾದಾಪುರದಿಂದ ಖಾಸಗಿ ಬಸ್ಸು, ಕೈಯಲ್ಲಿ ಕೊಡೆ ಇದ್ದರೂ ಒದ್ದೆ. "ಇದೇ ಬಂದ್ರೆ ಹೋಗಲೇಬೇಕಾ ಸರ್?"

ನಾನು ಸಿವಿಲ್ ಎಷ್ಟು ಒಳ್ಳೆಯದು ಅಂತ ಶುರು ಮಾಡಿದೆ. ನಮ್ಮ ಜಿಲ್ಲೆಗೆ ಗುಡ್ಡ, ನೀರು, ಮಣ್ಣು ತಿಳಿದ ಇಂಜಿನಿಯರ್ ಬೇಕು, 2018 ನೋಡಿದವಳು ನೀನು, ನಿನಗಿಂತ ಬೇರೆ ಯಾರು ಅಂದೆ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು:

"ನೋಡಿದ್ದಕ್ಕೇ ಸರ್. ಆ ಮಣ್ಣನ್ನ ದಿನಾ ನೋಡೋಕೆ ನನಗೆ ಆಗಲ್ಲ."

ನಾನು ಅಂದು ಮತ್ತೆ ಮಾತಾಡಲಿಲ್ಲ. ಅವಳು ಮಾಡಿದ ಟಿಕ್‌ಗಳು ನನ್ನ ಬಳಿಯೇ ಇದ್ದವು. ಆದರೂ ಕಾಲೇಜಿನ ಹೆಸರು ನೋಡಿ ಅವಳಿಗೆ ಬೇಡವಾದದ್ದನ್ನು ಮೇಲೆ ಬರೆಸಿದ್ದೆ. ಇಪ್ಪತ್ತು ವರ್ಷ ಪಾಠ ಮಾಡಿದವನು ಮಾಡಬಾರದ ತಪ್ಪು ಅದು. ಅಣಕು ಹಂಚಿಕೆ ಅಂತ ಒಂದು ಹಂತ ಇಲ್ಲದಿದ್ದರೆ ಅದು ಅವಳ ನಾಲ್ಕು ವರ್ಷ ಆಗಿಬಿಡುತ್ತಿತ್ತು. ಅಣಕು ಹಂಚಿಕೆಯ ನಂತರ ಪಟ್ಟಿ ತಿದ್ದಬಹುದು, ಹಿಂದೆ ಮುಂದೆ ಮಾಡಬಹುದು. ಎಷ್ಟೋ ಮನೆಯವರು ಅದನ್ನು ನೋಡಿ ಖುಷಿಯೋ ಬೇಸರವೋ ಪಟ್ಟು ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಂದ ಸೀಟಿನ ಹೆಸರನ್ನು ಮಗುವಿನ ಎದುರು ಗಟ್ಟಿಯಾಗಿ ಓದಿ, ಅದರ ಮುಖ ನೋಡಿ.

ಪಟ್ಟಿ ಹೊಸದಾಗಿ

ಈ ಸಲ ಅವಳೇ ಬರೆದಳು, ನಾನು ಪಕ್ಕದಲ್ಲಿ ಕೂತೆ. ಬರೆಯುವ ಮುಂಚೆ ಎರಡು ಕೆಲಸ ಮಾಡಿದಳು.

ಒಂದು, ಕುಶಾಲನಗರದಲ್ಲೂ ಮೈಸೂರಿನಲ್ಲೂ ಕೊನೆಯ ವರ್ಷ ಓದುತ್ತಿದ್ದ, ನಮ್ಮಲ್ಲೇ ಪಿಯುಸಿ ಮಾಡಿದ ಅಕ್ಕಂದಿರಿಗೆ ಫೋನ್. ಲ್ಯಾಬ್ ನಿಜವಾಗಿ ವಾರಕ್ಕೆ ಎಷ್ಟು ಗಂಟೆ, ಪ್ರಾಜೆಕ್ಟ್ ನೀವೇ ಮಾಡಿದಿರಾ, ನಿಮ್ಮ ಬ್ರಾಂಚ್‌ಗೆ ಯಾವ ಕಂಪನಿ ಬಂತು, ಕನ್ನಡ ಮಾಧ್ಯಮದವರು ಮೊದಲ ವರ್ಷ ಹೇಗೆ ದಾಟಿದಿರಿ. ಕೊನೆಯ ಪ್ರಶ್ನೆಗೆ ಬಂದ ಉತ್ತರ ಯಾವ ಕಾಲೇಜಿನ ಪುಸ್ತಿಕೆಯಲ್ಲೂ ಇರುವುದಿಲ್ಲ.

ಎರಡು, ಪ್ಲೇಸ್‌ಮೆಂಟ್ ಅಂಕಿ. ಬೆಂಗಳೂರಿನ ಪುಸ್ತಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು ಅತಿ ಹೆಚ್ಚು ಸಂಬಳ, ಅಂದರೆ ಒಬ್ಬರ ಸಂಬಳ. ಅದು ಉಳಿದ ನೂರಾರು ಮಕ್ಕಳ ಬಗ್ಗೆ ಏನೂ ಹೇಳುವುದಿಲ್ಲ. ಎನ್ಐಆರ್‌ಎಫ್‌ಗೆ (ಕೇಂದ್ರ ಸರ್ಕಾರದ ಕಾಲೇಜು ಶ್ರೇಯಾಂಕ ಪಟ್ಟಿ) ಅರ್ಜಿ ಹಾಕುವ ಕಾಲೇಜುಗಳು ಎಷ್ಟು ಮಕ್ಕಳು ಸರಿಯಾದ ಅವಧಿಯಲ್ಲಿ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ನಡುವಿನವರ ಸಂಬಳ ಎಷ್ಟು ಅಂತ ಕೊಡಬೇಕು, ಅದನ್ನು ವೆಬ್‌ಸೈಟ್‌ನಲ್ಲಿ ಹಾಕಿರುತ್ತಾರೆ. ನಡುವಿನವರ ಸಂಬಳ ನೋಡುವುದು ಕಲಿತರೆ ಪುಸ್ತಿಕೆ ತಾನಾಗೇ ಸಣ್ಣದಾಗುತ್ತದೆ. ಹಾಗೆಯೇ ಗುಣಮಟ್ಟದ ಮಾನ್ಯತೆಯನ್ನು ನ್ಯಾಕ್ ಕೊಡುವುದು ಇಡೀ ಸಂಸ್ಥೆಗೆ, ಎನ್‌ಬಿಎ ಕೊಡುವುದು ಒಂದೊಂದು ಬ್ರಾಂಚ್‌ಗೆ. ನಿಮ್ಮ ಬ್ರಾಂಚ್‌ಗೆ ಇದೆಯಾ ನೋಡಿ.

ಹೊಸ ಪಟ್ಟಿಯಲ್ಲಿ ಸಿವಿಲ್ ಇರಲಿಲ್ಲ. ಮೇಲೆ ಮೈಸೂರಿನ ಒಂದೆರಡು ಕಂಪ್ಯೂಟರ್ ಸೈನ್ಸ್ ಸೀಟು. ಆಮೇಲೆ ಕುಶಾಲನಗರದ ಸರ್ಕಾರಿ ಕಾಲೇಜು, ಕಂಪ್ಯೂಟರ್ ಸೈನ್ಸ್. ಅದರ ಕೆಳಗೆ ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಪೊನ್ನಂಪೇಟೆ ಕೊಡಗಿನೊಳಗೇ ಆದರೂ ಮಾದಾಪುರದವರಿಗೆ ಜಿಲ್ಲೆಯ ಆ ತುದಿ, ಖಾಸಗಿ ಆದ್ದರಿಂದ ಫೀಸೂ ಜಾಸ್ತಿ. ವಿರಾಜಪೇಟೆ ಕಡೆಯ ಹುಡುಗಿಯಾಗಿದ್ದರೆ ಲೆಕ್ಕ ಬೇರೆ ಆಗುತ್ತಿತ್ತು.

ಹಂಚಿಕೆ ಸೆಪ್ಟೆಂಬರ್ ತನಕ ಎಳೆಯಿತು. ಮೊದಲ ಸುತ್ತಿನಲ್ಲಿ ಕುಶಾಲನಗರ ಕಂಪ್ಯೂಟರ್ ಸೈನ್ಸ್ ಬಂತು.

ಈಗ ಚಾಯ್ಸ್ ಒತ್ತಬೇಕು. ಒಂದು ಅಂದರೆ ಇದೇ ಸಾಕು, ಸೇರುತ್ತೇನೆ. ಎರಡು ಅಂದರೆ ಇದು ಇರಲಿ, ಮುಂದಿನ ಸುತ್ತಿನಲ್ಲಿ ಮೇಲಿನದ್ದು ಬಂದರೆ ಅದು. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು ಅಂದರೆ ಪೂರ್ತಿ ಹೊರಗೆ. ಅಪ್ಪನಿಗೆ ಎರಡು ಒತ್ತುವ ಆಸೆ, ಕಳೆದುಕೊಳ್ಳುವುದು ಏನಿದೆ ಅಂತ. ಇದೆ. ಎರಡು ಒತ್ತಿದ ಮೇಲೆ ಮೇಲಿನ ಸೀಟು ಬಂದರೆ ಕೈಯಲ್ಲಿದ್ದ ಸೀಟು ತಾನಾಗಿ ಹೋಗುತ್ತದೆ, ತಿರುಗಿ ಕೇಳುವಂತಿಲ್ಲ. ಮೇಲೆ ಇದ್ದದ್ದು ಮೈಸೂರಿನ ಖಾಸಗಿ ಸೀಟು. ಫೀಸು ಲಕ್ಷದ ಆಸುಪಾಸು, ಹಾಸ್ಟೆಲ್ ಬೇರೆ.

ಹುಡುಗಿ 2021ರ ಪುಟ ತೆರೆದು ಅಪ್ಪನ ಮುಂದಿಟ್ಟಳು. ಮಾತಾಡಲಿಲ್ಲ. ಕುಶಾಲನಗರದಲ್ಲಿ ಫೀಸು ವರ್ಷಕ್ಕೆ ನಲವತ್ತು ಸಾವಿರದ ಆಸುಪಾಸು, ಇರುವುದಕ್ಕೆ ಚಿಕ್ಕಮ್ಮನ ಮನೆ. ಸುಂಟಿಕೊಪ್ಪದ ಮೇಲೆ ಮನೆಗೆ ಶನಿವಾರ ಬರಬಹುದು. ಸರ್ಕಾರಿ ಬಸ್ಸು ಸಿಕ್ಕಿದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೂ ಇಲ್ಲ. ನಮ್ಮ ಒಳದಾರಿಗಳಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಅದು ಬೇರೆ ಮಾತು.

ಒಂದು ಒತ್ತಿದರು.

ಆಮೇಲೆ

ಆ ವರ್ಷ ಉಳಿದ ದುಡ್ಡಿನಲ್ಲಿ ಅಪ್ಪ ಮೂರು ಕೆಲಸ ಮಾಡಿದರು. ಮೊದಲ ವರ್ಷದ ಫೀಸು ಕಟ್ಟಿದರು. ಮುಂದಿನ ಮೂರು ವರ್ಷದ ಫೀಸಿನಷ್ಟು ಹಣ ಮಗಳ ಹೆಸರಲ್ಲಿ ಠೇವಣಿ ಇಟ್ಟರು. ಪೌತಿ ಖಾತೆಗೆ ನಾಡಕಚೇರಿಗೆ ಅರ್ಜಿ ಕೊಟ್ಟರು. ಮೂರನೆಯದು ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟಿತು, ಮನೆಯಲ್ಲಿ ತಮ್ಮನೂ ಇದ್ದಾನೆ.

ಎಲ್ಲ ಸುಸೂತ್ರ ಅಂತ ಹೇಳಲಾರೆ. ಮೊದಲ ಸೆಮಿಸ್ಟರ್‌ನಲ್ಲಿ ಗಣಿತದಲ್ಲೇ ಅಂಕ ಕಡಿಮೆ ಬಂತು, ನನ್ನ ವಿಷಯದಲ್ಲೇ. ಪಾಠದ ವೇಗ ಪಿಯುಸಿಯ ಎರಡರಷ್ಟು ಅಂದಳು. ರಜೆಯಲ್ಲಿ ಬಂದು ನನ್ನ ಜೊತೆ ಕೂತು ಹಿಂದಿನದ್ದು ಮತ್ತೆ ಮಾಡಿದಳು. ಬೆಂಗಳೂರಿನ ಹಾಗೆ ಕಂಪನಿಗಳು ಜಿಲ್ಲೆಯ ಕಾಲೇಜಿನ ಬಾಗಿಲಿಗೆ ಸಾಲುಗಟ್ಟಿ ಬರುವುದಿಲ್ಲ, ಮೂರನೇ ವರ್ಷದಿಂದ ಮೈಸೂರಿಗೆ ಓಡಾಡಬೇಕು, ಅದೂ ಗೊತ್ತು. ಅದಕ್ಕೆ ಈಗಿನಿಂದಲೇ ತಯಾರಿ ಮಾಡುತ್ತಿದ್ದಾಳೆ.

2025ರ ಆರಂಭದಲ್ಲಿ ಕಾಫಿ ದರ ಇನ್ನೂ ಏರಿತು. ಅಪ್ಪ ಫೋನ್ ಮಾಡಿದರು. "ಮೇಷ್ಟ್ರೇ, ಈ ವರ್ಷವೂ ಕಟ್ಟಬಹುದಿತ್ತು ನೋಡಿ." ದನಿಯಲ್ಲಿ ಸ್ವಲ್ಪ ಬೇಸರ ಇತ್ತು. ಹೌದು, ಆ ವರ್ಷ ಕಟ್ಟಬಹುದಿತ್ತು. ನಾನು ಅದನ್ನು ಇಲ್ಲ ಅನ್ನಲಿಲ್ಲ.

ಅದೇ ವರ್ಷ ಮೇ ತಿಂಗಳಲ್ಲಿ ಮುಂಗಾರು ಬೇಗ ಬಂತು, 24ಕ್ಕೇ ಕೇರಳಕ್ಕೆ ಇಳಿದಿತ್ತು. ಮಾದಾಪುರದ ಕಡೆ ಮಳೆ ಬಿಡಲೇ ಇಲ್ಲ. ಅವರ ತೋಟದಲ್ಲಿ ಕಾಯಿ ಉದುರಿತು. ಎರಡನೇ ವರ್ಷದ ಫೀಸನ್ನು ಠೇವಣಿಯಿಂದ ತೆಗೆದು ಕಟ್ಟಿದರು. ರಸೀದಿಯ ಫೋಟೋ ಅವಳೇ ಕಳಿಸಿದಳು. ಅದರ ಕೆಳಗೆ ನೋಟ್‌ಬುಕ್‌ನ ಹೊಸ ಪುಟದ ಫೋಟೋ ಇತ್ತು. ಕಾಯಿ ಉದುರಿದ ಗಿಡಗಳನ್ನು ಸಾಲು ಸಾಲಾಗಿ ಎಣಿಸಿ ಬರೆದಿದ್ದಳು.